ಹೊಳೆಬದಿಯಲ್ಲಿ ಮನೆ: ಮೊದಲು ಮಳೆಗಾಲ, ಆಮೇಲೆ ಪಂಚಾಂಗ

ಡಿಸೆಂಬರಿನಲ್ಲಿ ಹೊಳೆಬದಿಯ ಜಾಗ ನೋಡಲು ಹೋದವರು ಅಡ್ವಾನ್ಸ್ ಕೊಡದೆ ವಾಪಸು ಬರುವುದು ಕಡಿಮೆ. ಸ್ವರ್ಣೆಯ ನೀರು ಅಲುಗಾಡದೆ ಮಲಗಿರುತ್ತದೆ, ಎದುರು ದಡದಲ್ಲಿ ತೆಂಗು, ಇಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಲ್ಲಿ ನಿಂತು ಮರುವಾಯಿ ಹೆಕ್ಕುವವರು. ಬ್ರೋಕರ್ ಬಾಯಿ ಬಿಡುವ ಅಗತ್ಯವೇ ಇಲ್ಲ. ಆದರೆ ಆ ಮನೆಯಲ್ಲಿ ನೀವು ಜುಲೈಯಲ್ಲೂ ಇರಬೇಕು. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಹೊಳೆಬದಿಯಲ್ಲಿ ಮೊದಲ ಸಲ ಮನೆ ಕಟ್ಟಲು ಹೊರಟವರಿಗಾಗಿ ಇದನ್ನು ಬರೆದಿದ್ದೇನೆ.

ಹಂತ 1: ನೆರೆಯ ಗೆರೆ ಹುಡುಕಿ

ಕಾಗದಪತ್ರಕ್ಕಿಂತ ಮೊದಲು ಇದು. ಪಕ್ಕದ ಹಳೆಯ ಮನೆಗೆ ಹೋಗಿ, ಅಲ್ಲಿನ ಅಜ್ಜಿಯನ್ನೋ ದೋಣಿಯವರನ್ನೋ ಕೇಳಿ: "ನೆರೆ ಎಲ್ಲಿವರೆಗೆ ಬಂದಿತ್ತು?" ಇಸವಿ ತಪ್ಪಬಹುದು, ಮೆಟ್ಟಿಲು ತಪ್ಪುವುದಿಲ್ಲ. ನಾನು ಹೀಗೆ ಕೇಳಿದ ಒಂದು ಮನೆಯಲ್ಲಿ ಅಜ್ಜಿ ಮಾತೇ ಆಡಲಿಲ್ಲ. ಎದ್ದು ಬಂದು ದಾರಂದದ ಮೇಲೆ, ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲೆ, ಬೆರಳಿಟ್ಟು ತೋರಿಸಿದರು. ಮರ ಅಲ್ಲಿಂದ ಕೆಳಗೆ ಬೇರೆ ಬಣ್ಣಕ್ಕೆ ತಿರುಗಿತ್ತು.

ನೇತ್ರಾವತಿಯ ದಡದಲ್ಲಾದರೆ 1923 ಮತ್ತು 1974ರ ನೆರೆಗಳ ಮಾತು ಬಂಟ್ವಾಳದ ಕಡೆ ಇನ್ನೂ ಕೇಳಲು ಸಿಗುತ್ತದೆ. ಉಡುಪಿಯವರಿಗೆ ಅಷ್ಟು ಹಿಂದೆ ಹೋಗಬೇಕಿಲ್ಲ, 2020ರ ಸೆಪ್ಟೆಂಬರ್ ಸಾಕು. ಮಳೆಗಾಲ ಇಳಿಯಿತು ಅಂದುಕೊಂಡ ಹೊತ್ತಿಗೆ ಒಂದೇ ರಾತ್ರಿಯಲ್ಲಿ ನೀರು ಮನೆ ಹೊಕ್ಕಿತ್ತು. ನಿಮ್ಮ ಮನೆಯ ನೆಲ ಆ ಗೆರೆಗಿಂತ ಕನಿಷ್ಠ ಎರಡಡಿ ಮೇಲೆ ಇರಬೇಕು. ಅಷ್ಟು ಎತ್ತರಕ್ಕೆ ಪಂಚಾಂಗ ಹಾಕಲು ಎಷ್ಟು ಖರ್ಚು ಎಂದು ಮೇಸ್ತ್ರಿಯಲ್ಲಿ ಕೇಳಿ, ಅದನ್ನೂ ಜಾಗದ ರೇಟಿಗೆ ಸೇರಿಸಿ ನೋಡಿ. ಅಗ್ಗ ಅನ್ನಿಸಿದ್ದು ಎಷ್ಟೋ ಸಲ ಅಗ್ಗವಲ್ಲ.

ಹಂತ 2: ಉಬ್ಬರದ ರೇಖೆಯಿಂದ ಅಳೆಸಿ

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂದರೆ ಕಡಲ ಬದಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಉಬ್ಬರದ ಉಪ್ಪುನೀರು ಹೊಳೆಯಲ್ಲಿ ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೂ ಆ ನಿಯಮ ಹಿಂಬಾಲಿಸುತ್ತದೆ. 2019ರ ಅಧಿಸೂಚನೆಯ ಪ್ರಕಾರ ಹಳ್ಳಿ ಪ್ರದೇಶದ ಇಂಥ ಹೊಳೆಬದಿಯಲ್ಲಿ ಉಬ್ಬರದ ರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟರೊಳಗೆ ಹೊಸ ಮನೆ ಕಟ್ಟುವಂತಿಲ್ಲ. ಕವಲು ಹೊಳೆಯ ಅಗಲ 30 ಮೀಟರ್ ಆದರೆ 30 ಮೀಟರ್ ಬಿಡಬೇಕು. ಕಡಲಿನ ಎದುರಿಗೇ ಆದರೆ ಲೆಕ್ಕ ಬೇರೆ: 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಊರಲ್ಲಿ 50 ಮೀಟರ್, ಉಳಿದೆಡೆ 200 ಮೀಟರ್.

ಮೋಸ ಆಗುವುದು ಟೇಪು ಹಿಡಿಯುವಲ್ಲಿ. ಇಳಿತದ ಹೊತ್ತಿಗೆ ನೀರಿನ ಅಂಚಿಗೆ ಟೇಪಿಟ್ಟು "ನೋಡಿ, ಸರಿಯಾಗಿ ಐವತ್ತು" ಎನ್ನುವವರಿದ್ದಾರೆ. ನೀರಿನ ಅಂಚು ಲೆಕ್ಕಕ್ಕಿಲ್ಲ. ಸಿಆರ್‌ಝಡ್ ನಕ್ಷೆಯಲ್ಲಿ ಗುರುತಿಸಿದ ರೇಖೆಯೇ ಲೆಕ್ಕ. ಸರ್ವೆ ನಂಬರ್ ಹಿಡಿದು ಜಿಲ್ಲೆಯ ಸಿಆರ್‌ಝಡ್ ಕಚೇರಿಗೆ ಹೋಗಿ, ನಿಮ್ಮ ಜಾಗ ಎಲ್ಲಿ ಬೀಳುತ್ತದೆಂದು ನೋಡಿ. ನಿಷೇಧದ ಪಟ್ಟಿಯೊಳಗೆ ಅಧಿಕೃತವಾದ ಹಳೆ ಮನೆ ಇದ್ದರೆ ಅದೇ ಅಳತೆಯಲ್ಲಿ ರಿಪೇರಿ, ಪುನರ್‌ನಿರ್ಮಾಣಕ್ಕೆ ಅವಕಾಶವಿದೆ. ಹಾಗಾಗಿ ಮುರುಕು ಮನೆ ಸಮೇತ ಇರುವ ಜಾಗವನ್ನು ತಳ್ಳಿಹಾಕಬೇಡಿ. ಆದರೆ ಅದಕ್ಕೆ ಮನೆ ನಂಬರ್ ಇದೆಯೇ ಎಂದು ಮೊದಲು ನೋಡಿ.

ಹಂತ 3: ಪಹಣಿ, ಕುಮ್ಕಿ, ಕನ್ವರ್ಷನ್

ಪಹಣಿ, ಋಣಭಾರ ಪತ್ರ, ಸರ್ವೆ ಸ್ಕೆಚ್ ಎಲ್ಲ ಕಡೆ ನೋಡುವಂತೆ ಇಲ್ಲೂ ನೋಡಬೇಕು. ಹೊಳೆಬದಿಯಲ್ಲಿ ವಿಶೇಷವಾಗಿ ನೋಡಬೇಕಾದ್ದು ಗಡಿ. ಬೇಲಿಯೊಳಗೆ ಕಾಣುವ ಇಪ್ಪತ್ತು ಸೆಂಟ್ಸಿನಲ್ಲಿ ಎಂಟು ಕುಮ್ಕಿಯೋ ಹೊಳೆ ಪರಂಬೋಕೋ ಆಗಿರಬಹುದು. ಅದು ಸರಕಾರದ್ದು, ಅಲ್ಲಿ ತೆಂಗಿನ ಮರ ಎಷ್ಟು ಹಳೆಯದಿದ್ದರೂ ಮನೆ ಕಟ್ಟುವಂತಿಲ್ಲ. ಕೃಷಿ ಜಾಗವಾದರೆ ಕನ್ವರ್ಷನ್ ಆಗದೆ ಒಂದು ಕಲ್ಲನ್ನೂ ಇಳಿಸಬೇಡಿ.

ಹಂತ 4: ಮೊದಲು ಬಾವಿ ಮತ್ತು ಗುಂಡಿ, ಆಮೇಲೆ ಮನೆಯ ಪ್ಲಾನು

ಇದನ್ನು ಎಲ್ಲರೂ ತಿರುಗಾಮುರುಗಾ ಮಾಡುತ್ತಾರೆ. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್ ಅಂತರ ಬೇಕು. ಹತ್ತು ಸೆಂಟ್ಸ್ ಜಾಗ ಚೌಕವಾಗಿದ್ದರೆ ಒಂದು ಬದಿ ಇರುವುದೇ ಸುಮಾರು 20 ಮೀಟರ್! ಪಕ್ಕದವರ ಬಾವಿಯೂ ಲೆಕ್ಕಕ್ಕೆ ಬರುತ್ತದೆ. ಬಾವಿ ನೀರನ್ನು ಏಪ್ರಿಲ್ ಕೊನೆಗೆ ಬಾಯಿಗೆ ಹಾಕಿ ನೋಡಿ. ಆಗ ಹೊಳೆಯಲ್ಲಿ ಸಿಹಿನೀರಿನ ಹರಿವು ಇರುವುದಿಲ್ಲ, ಉಪ್ಪು ಒಳಗೆ ಬರುತ್ತದೆ. ನವೆಂಬರಿನಲ್ಲಿ ಸಿಹಿಯಾಗಿದ್ದ ಬಾವಿ ಆಗ ಚಹಾವನ್ನು ಕೆಡಿಸಬಹುದು.

ಸೆಪ್ಟಿಕ್ ಟ್ಯಾಂಕಿನ ವಿಷಯದಲ್ಲಿ ಇನ್ನೊಂದು ಮಾತು: ಹಗುರದ ಖಾಲಿ ಟ್ಯಾಂಕು ನೆಲದಡಿಯ ನೀರು ಏರಿದಾಗ ದೋಣಿಯಂತೆ ಮೇಲೇಳುತ್ತದೆ. ಕೆಳಗೆ ಭಾರದ ಕಾಂಕ್ರೀಟ್ ಹಾಸು ಹಾಕಿ ಅದಕ್ಕೆ ಟ್ಯಾಂಕನ್ನು ಬಿಗಿಯಿರಿ.

ಹಂತ 5: ನೆಲದೊಳಗೆ ಏನಿದೆ?

ಮೇಲೆ ಮರಳು ಕಂಡರೂ ನಾಲ್ಕಡಿ ಕೆಳಗೆ ಕಪ್ಪು ಕೆಸರು ಇರಬಹುದು. ಮಣ್ಣಿನ ಪರೀಕ್ಷೆಗೆ ಬೋರ್ ಕೊರೆಸಿ. ಆ ಖರ್ಚು ಉಳಿಸಿದ ನಮ್ಮ ಭಾವನ ಮನೆಯ ಚಾವಡಿ ಎರಡನೇ ಮಳೆಗಾಲಕ್ಕೆ ಹೊಳೆಯ ಕಡೆ ವಾಲಿತು. ನೆಲದ ಮೇಲಿಟ್ಟ ಲಿಂಬೆಹಣ್ಣು ತನ್ನಷ್ಟಕ್ಕೆ ಬಾಗಿಲಿಗೆ ಉರುಳಿ ಹೋಗುತ್ತಿತ್ತು. ಪೈಲ್ ಬೇಕೇ, ಅಗಲ ಅಡಿಪಾಯ ಸಾಕೇ ಎಂದು ಪರೀಕ್ಷೆಯ ವರದಿ ನೋಡಿ ಎಂಜಿನಿಯರ್ ಹೇಳಲಿ, ಕಂತ್ರಾಟುದಾರ ಅಲ್ಲ.

ಹಂತ 6: ಉಪ್ಪಿನಿಂದ ಕಬ್ಬಿಣವನ್ನು ಕಾಯಿರಿ

ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದರೆ ಹೊರಗಿನ ಕಾಂಕ್ರೀಟು ಒಡೆದು ಬೀಳುತ್ತದೆ. ಕರಾವಳಿಯ ಬಯಲು ಗಾಳಿಗೆ ಒಡ್ಡಿದ ಆರ್‌ಸಿಸಿಗೆ ಐಎಸ್ 456 ಹೇಳುವುದು ಎಂ30 ದರ್ಜೆ, ಕಬ್ಬಿಣದ ಹೊರಗೆ 45 ಮಿಲಿಮೀಟರ್ ಕವರ್. ಕಾಂಕ್ರೀಟ್ ಸುರಿಯುವ ಬೆಳಿಗ್ಗೆ ನೀವೇ ಸ್ಕೇಲ್ ಹಿಡಿದು ನಿಲ್ಲಿ. ಕವರ್ ಬ್ಲಾಕಿನ ಬದಲು ಜಲ್ಲಿ ಚೂರು ಇಟ್ಟಿದ್ದರೆ ಕೆಲಸ ನಿಲ್ಲಿಸಿ. ಹೊಳೆಯ ಉಪ್ಪು ಮರಳು, ಉಪ್ಪು ನೀರು ಎರಡೂ ಬೇಡ. ಗೋಡೆಗೆ ಊರಿನ ಕೆಂಪುಕಲ್ಲು ಧಾರಾಳ ಸಾಕು.

ಹಂತ 7: ಪತ್ತನಾಜೆಗೆ ಮೊದಲು ಮಾಡು

ದೀಪಾವಳಿ ಕಳೆದು ಕೆಲಸ ಶುರು ಮಾಡಿದರೆ ಮೇ ಕೊನೆಯ ವಾರದ ಪತ್ತನಾಜೆಯೊಳಗೆ ಮಾಡು ಮುಗಿಯಬೇಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ ಅದು, ನಿಮ್ಮ ಸಾರಣೆಯವರೂ ಹೆಚ್ಚುಕಡಿಮೆ ಹಾಗೆಯೇ. ಇಳಿಜಾರು ಮಾಡು, ಉದ್ದ ಸೂರು, ಮಂಗಳೂರು ಹಂಚು. ಹೊಳೆ ನೋಡಲೆಂದು ಪಡುವಣಕ್ಕೆ ಆಳೆತ್ತರದ ಗಾಜು ಇಟ್ಟವರು ಆಟಿ ತಿಂಗಳಲ್ಲಿ ಅದಕ್ಕೆ ಟಾರ್ಪಾಲು ಕಟ್ಟುವುದನ್ನು ನೋಡಿದ್ದೇನೆ. ಹಿಂದಿನವರು ಮಡಲಿನ ತಟ್ಟಿ ಕಟ್ಟುತ್ತಿದ್ದರು, ಅದು ನೋಡಲಾದರೂ ಚೆನ್ನಾಗಿತ್ತು.

ಹಂತ 8: ದಡ

ತಡೆಗೋಡೆ ಕಟ್ಟುವುದಿದ್ದರೆ ಅನುಮತಿ ಪಡೆದು ಕಟ್ಟಿ, ಹಿಂದಿನ ನೀರು ಹೊರಬರಲು ತೂತು ಬಿಡಿ. ಹೊಳೆಯೊಳಗೆ ಮಣ್ಣು ತುಂಬಿ ಜಾಗ ಹೆಚ್ಚಿಸಿಕೊಳ್ಳುವ ಆಸೆ ಬೇಡ. ನೀರಿನಂಚಿನಲ್ಲಿ ಕಾಂಡ್ಲಾ ಗಿಡಗಳಿದ್ದರೆ ನೋಟಕ್ಕೆ ಅಡ್ಡವೆಂದು ಕಡಿಯಬೇಡಿ. ಅದು ಕಾನೂನಿಗೂ ವಿರುದ್ಧ, ದಡದ ಮಣ್ಣು ಹಿಡಿದಿರುವುದೂ ಅವುಗಳ ಬೇರೇ. ಹೊಳೆ ಕಾಣಲೇಬೇಕೆಂದರೆ ಮೇಲೊಂದು ಸಣ್ಣ ಮಾಳಿಗೆ ಕಟ್ಟಿ, ಅಲ್ಲಿಂದ ಚೆನ್ನಾಗಿ ಕಾಣುತ್ತದೆ.