ಮಡಚುವ ಚಾಕುವಿನ ಕಾಲನಿರ್ಣಯ: ಕೆಲವು ವಿಚಾರಗಳು

ಕೃತಿಯೊಂದರ ಕಾಲವನ್ನು ಅದರಲ್ಲಿರುವ ಅತ್ಯಂತ ಹಳೆಯ ಶಬ್ದರೂಪ ನಿರ್ಧರಿಸುವುದಿಲ್ಲ, ಅತ್ಯಂತ ಈಚಿನ ರೂಪ ನಿರ್ಧರಿಸುತ್ತದೆ ಎಂಬುದು ಗ್ರಂಥಸಂಪಾದನೆಯನ್ನು ಅಭ್ಯಾಸ ಮಾಡಿದವರಿಗೆ ಪರಿಚಿತವಾದ ಮಾತು. ಹಳತನ್ನು ಯಾರು ಬೇಕಾದರೂ ಅನುಕರಿಸಬಹುದು. ಇನ್ನೂ ಹುಟ್ಟದಿರುವುದನ್ನು ಬಳಸಲು ಯಾರಿಂದಲೂ ಆಗದು. ಈ ನಿಯಮ ಹಸ್ತಪ್ರತಿಗೆ ಅನ್ವಯಿಸುವಂತೆ ಕೈವಸ್ತುಗಳಿಗೂ ಅನ್ವಯಿಸುತ್ತದೆ. ಕಿಸೆಯಲ್ಲಿಟ್ಟುಕೊಳ್ಳುವ ಮಡಚುವ ಚಾಕು ಇದಕ್ಕೆ ಒಳ್ಳೆಯ ಉದಾಹರಣೆ. ಮನೆಬಳಕೆಯ ಬಹುತೇಕ ಲೋಹದ ವಸ್ತುಗಳು ಮೂಕವಾಗಿರುವಲ್ಲಿ, ಇದರ ಅಲಗಿನ ಬುಡದಲ್ಲಿ ನಾಲ್ಕಾರು ಅಕ್ಷರಗಳ ಬರಹವಿರುತ್ತದೆ. ಅದು ಒಂದು ಕಿರು ಶಾಸನವೇ ಸರಿ.

ಪುಣೆಯ ಪಶ್ಚಿಮದ ಕೋಥರೂಡ ಒಂದು ಕಾಲಕ್ಕೆ ಊರ ಹೊರಗಿನ ಹಳ್ಳಿ. 1961ರ ಜುಲೈ 12ರಂದು ಪಾನಶೇತ ಅಣೆಕಟ್ಟು ಒಡೆದು ನದೀತೀರದ ಪೇಠೆಗಳಿಗೆ ನೀರು ನುಗ್ಗಿತು. ಅನಂತರದ ದಶಕಗಳಲ್ಲಿ ನಗರ ಹೊರಕ್ಕೆ ಹಬ್ಬಿ, ಹಳೆಯ ವಾಡೆಗಳನ್ನು ಬಿಟ್ಟು ಬಂದ ಮರಾಠಿ ಕುಟುಂಬಗಳೂ ನೌಕರಿಗಾಗಿ ಬಂದ ಕನ್ನಡ ಕುಟುಂಬಗಳೂ ಇಲ್ಲಿ ಮನೆ ಮಾಡಿದವು. ಆಗ ಕಟ್ಟಿದ ಕಟ್ಟಡಗಳಲ್ಲಿ ಹಲವು ಇಂದು ಪುನರ್ನಿರ್ಮಾಣಕ್ಕೆ ಒಳಗಾಗುತ್ತಿವೆ. ಮನೆ ಬದಲಾಯಿಸುವಾಗ ಅಜ್ಜನ ಪೆಟ್ಟಿಗೆ ಒಮ್ಮೆ ಬರಿದಾಗುತ್ತದೆ. ಅದರೊಳಗಿನ ತುಕ್ಕು ಹಿಡಿದ ಚಾಕು ಬುಧವಾರ ಇಲ್ಲವೆ ರವಿವಾರ ಜುನಾ ಬಾಜಾರಿನ ನೆಲಹಾಸಿನ ಮೇಲೆ ಕಾಣಿಸಿಕೊಳ್ಳುತ್ತದೆ. ಅಲ್ಲಿಗೆ ತಲುಪುವ ಹೊತ್ತಿಗೆ ಅದು ಯಾರದು, ಎಲ್ಲಿಯದು ಎಂಬ ಸಂಗತಿಗಳು ಕಳಚಿಹೋಗಿ ಒಂದೇ ಒಂದು ವಿಶೇಷಣ ಉಳಿದಿರುತ್ತದೆ: ‘ಪೇಶವೆಯರ ಕಾಲದ್ದು’.

ಈ ವಿಶೇಷಣವನ್ನು ಪರೀಕ್ಷಿಸುವುದು ಕಷ್ಟವಲ್ಲ. ಪೇಶವೆಯರ ಆಳ್ವಿಕೆ 1818ರಲ್ಲಿ ಮುಗಿಯಿತು. ಚಾಕುವಿನ ಬುಡದಲ್ಲಿ ಕಿರೀಟದ ಎರಡು ಪಕ್ಕಗಳಲ್ಲಿ ‘ವಿ’, ‘ಆರ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅವು ವಿಕ್ಟೋರಿಯಾ ರಾಣಿಯ ಲಾಂಛನ. ಆಕೆ ಪಟ್ಟಕ್ಕೆ ಬಂದದ್ದು 1837ರಲ್ಲಿ. ಎಂದಮೇಲೆ ಆ ಚಾಕುವಿಗೂ ಶನಿವಾರವಾಡೆಯ ದರಬಾರಿಗೂ ಸಂಬಂಧವಿಲ್ಲ.

ಇಂಥ ಲಾಂಛನ ಹೊತ್ತವುಗಳಲ್ಲಿ ಪ್ರಸಿದ್ಧವಾದವು ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಜರ್ಸ್ ಸಂಸ್ಥೆಯ ಚಾಕುಗಳು. ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ ಈ ಸಂಸ್ಥೆಗೆ 1764ರಲ್ಲಿ ದೊರೆತ ಗುರುತು. ಶೆಫೀಲ್ಡಿನಲ್ಲಿ 1624ರಿಂದಲೇ ಚಾಕು ತಯಾರಕರ ಸಂಘವಿದ್ದು, ಒಬ್ಬರ ಗುರುತನ್ನು ಇನ್ನೊಬ್ಬರು ಬಳಸದಂತೆ ಅದು ನಿಗಾ ವಹಿಸುತ್ತಿತ್ತು. ಆದರೂ ಹೆಸರನ್ನಷ್ಟೇ ನೋಡಿ ತೀರ್ಮಾನಕ್ಕೆ ಬರಬಾರದು; ಅದೇ ಉಪನಾಮದ ಬೇರೆ ತಯಾರಕರೂ ಆ ಊರಿನಲ್ಲಿದ್ದರು. ರಾಜಲಾಂಛನವೂ ಎಲ್ಲ ಕಡೆ ಸಮಾನವಾಗಿ ಸಹಾಯಕವಲ್ಲ. ‘ಜಿ’, ‘ಆರ್’ ಎಂದಿದ್ದರೆ ಅದು 1830ಕ್ಕೆ ಹಿಂದಿನ ಜಾರ್ಜನದೋ, 1910ರಲ್ಲಿ ಪಟ್ಟಕ್ಕೆ ಬಂದ ಐದನೆಯ ಜಾರ್ಜನದೋ, ಅವನ ಅನಂತರ 1952ರವರೆಗೆ ಆಳಿದ ಆರನೆಯ ಜಾರ್ಜನದೋ ಎಂಬುದನ್ನು ಅಕ್ಷರಗಳು ಹೇಳುವುದಿಲ್ಲ. ಶಾಸನದಲ್ಲಿ ಬಿರುದು ಮಾತ್ರ ಉಳಿದು ಅರಸನ ಹೆಸರು ಒಡೆದುಹೋದಾಗ ಉಂಟಾಗುವ ತೊಡಕೇ ಇದು. ಆಗ ಬೇರೆ ಪ್ರಮಾಣಗಳ ಮೊರೆಹೋಗಬೇಕಾಗುತ್ತದೆ.

ಅಂಥ ಪ್ರಮಾಣಗಳಲ್ಲಿ ಮುಖ್ಯವಾದದ್ದು ದೇಶದ ಹೆಸರು. ಜರ್ಮನಿಯ ಸೋಲಿಂಗೆನ್ನಿನಲ್ಲಿ ತಯಾರಾದ ಅಗ್ಗದ ಸರಕು ಶೆಫೀಲ್ಡಿನ ಹೆಸರು ಹೊತ್ತು ಮಾರಾಟವಾಗುತ್ತಿದ್ದುದು ದೊಡ್ಡ ವಿವಾದವಾಗಿ 1887ರಲ್ಲಿ ಬ್ರಿಟನ್ನಿನಲ್ಲಿಯೂ 1889ರಲ್ಲಿ ಭಾರತದಲ್ಲಿಯೂ ಸರಕಿನ ಗುರುತುಗಳನ್ನು ಕುರಿತ ಕಾಯಿದೆಗಳು ಬಂದವು. ಅಮೆರಿಕದ 1890ರ ಸುಂಕದ ಕಾಯಿದೆಯಂತೆ 1891ರಿಂದ ಆ ದೇಶಕ್ಕೆ ಹೋಗುವ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರು ಕಡ್ಡಾಯವಾಯಿತು. ಆದಕಾರಣ ಅಲಗಿನ ಮೇಲೆ ‘ಇಂಗ್ಲೆಂಡ್’ ಎಂಬ ಹೆಸರಿದ್ದರೆ ಸಾಮಾನ್ಯವಾಗಿ ಅದು 19ನೆಯ ಶತಮಾನದ ಕೊನೆಯ ದಶಕ ಅಥವಾ ಅನಂತರದ್ದು. ‘ಮೇಡ್ ಇನ್ ಇಂಗ್ಲೆಂಡ್’ ಎಂಬ ಪೂರ್ಣರೂಪ 20ನೆಯ ಶತಮಾನದ್ದೆಂದು ಎಣಿಸುವುದು ವಾಡಿಕೆ. ಇಲ್ಲಿ ವಿದ್ಯಾರ್ಥಿಗಳು ಪದೇಪದೇ ಎಡವುವ ಒಂದು ಸ್ಥಳವಿದೆ. ಹೆಸರಿರುವುದು ಪ್ರಮಾಣವೇ ಹೊರತು ಹೆಸರಿಲ್ಲದಿರುವುದು ಪ್ರಮಾಣವಲ್ಲ. ಮುದ್ರೆ ಸವೆದಿರಬಹುದು, ಸರಕು ಅಮೆರಿಕದ ಪೇಟೆಗೆಂದು ತಯಾರಾಗದೆ ಇದ್ದಿರಬಹುದು. ಕೃತಿಯೊಂದರಲ್ಲಿ ಪಾರಸಿ ಶಬ್ದಗಳಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ವಿಜಯನಗರಕ್ಕಿಂತ ಹಿಂದಕ್ಕೆ ಒಯ್ಯುವ ಸಾಹಸ ಎಷ್ಟು ದುರ್ಬಲವೋ ಇದೂ ಅಷ್ಟೇ ದುರ್ಬಲ.

ಪಾರಸಿಯ ಪ್ರಸ್ತಾಪ ಬಂದದ್ದರಿಂದ ಹೆಸರಿನ ವಿಷಯವನ್ನೂ ಹೇಳಬೇಕು. ‘ಕತ್ತಿ’ ದ್ರಾವಿಡ, ‘ಚೂರಿ’ ಸಂಸ್ಕೃತಮೂಲದ್ದು, ‘ಚಾಕು’ ಪಾರಸಿಯ ಮೂಲಕ ಬಂದದ್ದು. ಲೆಕ್ಕಣಿಕೆಯನ್ನು ಕೆತ್ತಿ ಮೊನೆ ಮಾಡಿಕೊಳ್ಳುತ್ತಿದ್ದ ದಫ್ತರಿನ ಕಾರಕೂನನಿಗೆ ಚಾಕು ಬರವಣಿಗೆಯ ಸಲಕರಣೆಯೇ ಆಗಿತ್ತು. ಇಂಗ್ಲಿಷಿನ ‘ಪೆನ್‌ನೈಫ್’ ಎಂಬ ಹೆಸರೂ ಗರಿಯ ಲೇಖನಿಯನ್ನು ಕೆತ್ತುವ ಕೆಲಸದಿಂದಲೇ ಬಂದಿದೆ. ಆದರೆ ಶಬ್ದದ ವಯಸ್ಸು ವಸ್ತುವಿನ ವಯಸ್ಸಲ್ಲ. ಮನೆಯವರು ‘ಚೂರಿ’ ಎಂದ ಮಾತ್ರಕ್ಕೆ ಅದು ಹಳತೂ ಅಲ್ಲ, ‘ಪೆನ್ನುಚಾಕು’ ಎಂದರೆ ಹೊಸತೂ ಅಲ್ಲ.

ಬರಹ ಅಳಿಸಿಹೋದಲ್ಲಿ ದ್ರವ್ಯವೇ ಸಾಕ್ಷಿ. ಮಡಚಿದಾಗಲೂ ತೆರೆದಾಗಲೂ ಅಲಗನ್ನು ಹಿಡಿದಿಡುವ ಬೆನ್ನಿನ ಸ್ಪ್ರಿಂಗು ಶೆಫೀಲ್ಡಿನಲ್ಲಿ ಬಳಕೆಗೆ ಬಂದದ್ದು 17ನೆಯ ಶತಮಾನದಲ್ಲಿ. ಅದಿಲ್ಲದೆ ಕೀಲಿನ ಬಿಗಿಯಿಂದಷ್ಟೇ ನಿಲ್ಲುವ ಚಾಕುಗಳು ರೋಮನರ ಕಾಲದಿಂದಲೂ ಇವೆ, ಇಂದಿಗೂ ತಯಾರಾಗುತ್ತಿವೆ; ಆದ್ದರಿಂದ ಸರಳ ರಚನೆಯನ್ನು ಪ್ರಾಚೀನತೆಯ ಲಕ್ಷಣವೆನ್ನಲಾಗದು. ದಂತದಂತೆ ಕಾಣುವ ಹಿಡಿ ಸೆಲ್ಯುಲಾಯ್ಡಿನದಾಗಿದ್ದರೆ ಅದು 1870ಕ್ಕಿಂತ ಹಿಂದಿನದಾಗಲಾರದು. ತುಕ್ಕು ಹಿಡಿಯದ ಉಕ್ಕನ್ನು ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲಿ ರೂಪಿಸಿದ್ದು 1913ರಲ್ಲಿ. ‘ಸ್ಟೇನ್‌ಲೆಸ್’ ಎಂಬ ಮುದ್ರೆಯುಳ್ಳ ಅಲಗು ಅದಕ್ಕೂ ಈಚಿನದು. ಕಡವೆಯ ಕೊಂಬಿನ ಹಿಡಿ ಕಂಡೊಡನೆ ‘ದೇಶೀ ಕೆಲಸ’ ಎಂದು ಬರೆಯುವವರಿದ್ದಾರೆ. ಆ ಕೊಂಬು ಭಾರತದಿಂದಲೇ ಶೆಫೀಲ್ಡಿಗೆ ರಫ್ತಾಗಿ, ಹಿಡಿಯಾಗಿ ಮರಳಿ ಬರುತ್ತಿತ್ತೆಂಬುದನ್ನು ಅವರು ನೆನೆಯಬೇಕು.

ಇನ್ನೊಂದು ಎಚ್ಚರ ಹೆಚ್ಚು ಅಗತ್ಯವಾದದ್ದು. ಚಾಕು ಅನೇಕ ಭಾಗಗಳ ಜೋಡಣೆ. ಹಿಡಿ ಒಡೆದರೆ ಸ್ಥಳೀಯ ಕಮ್ಮಾರನೋ ಬಡಗಿಯೋ ಹೊಸದನ್ನು ಕೂರಿಸುತ್ತಿದ್ದ. ವಿಕ್ಟೋರಿಯಾ ಕಾಲದ ಅಲಗಿಗೆ 20ನೆಯ ಶತಮಾನದ ಹಿಡಿ ಸೇರಿದ್ದರೆ ಅದು ಕೃತಕವಸ್ತುವೇನಲ್ಲ, ಗರಿಗಳು ಸೇರ್ಪಡೆಯಾದ ಓಲೆಕಟ್ಟಿನಂತೆ ಎರಡು ಕಾಲಗಳಿರುವ ವಸ್ತು. ಮೊಳೆಗಳ ತಲೆ ಎರಡು ಬಗೆಯಾಗಿರುವುದು, ಹಿಡಿಯ ಅಂಚು ಲೋಹದ ಕಟ್ಟಿಗೆ ಸರಿಯಾಗಿ ಕೂಡದಿರುವುದು ಇದರ ಸೂಚನೆ. ಮೇಲೆ ಹೇಳಿದ ನಿಯಮವನ್ನು ಆಗ ಪ್ರತಿಯೊಂದು ಭಾಗಕ್ಕೂ ಬೇರೆಬೇರೆಯಾಗಿ ಅನ್ವಯಿಸಬೇಕು. ಇಡಿಯಾಗಿ ಅನ್ವಯಿಸಿದರೆ ಒಳ್ಳೆಯ ಅಲಗು ಅನ್ಯಾಯವಾಗಿ ಈಚಿನದಾಗಿಬಿಡುತ್ತದೆ.

ಮುದ್ರೆಯಿಲ್ಲದ ದೇಶೀ ಚಾಕುಗಳ ವಿಷಯದಲ್ಲಿ ಈ ಕ್ರಮ ಬಹುದೂರ ಸಾಗದು. ಪುಣೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯದ ಅಡಕೊತ್ತುಗಳನ್ನು ನೋಡಿದವರಿಗೆ ಇದರ ಕಾರಣ ತಿಳಿಯುತ್ತದೆ. ಕೆಲಸ ಬೆರಗು ಹುಟ್ಟಿಸುವಂಥದು, ಆದರೆ ಕಮ್ಮಾರ ತನ್ನ ಹೆಸರು ಕೊರೆಯಲಿಲ್ಲ. ಅಲ್ಲಿ ಶೈಲಿಯ ಹೋಲಿಕೆಯೊಂದೇ ಆಧಾರ. ಅದಕ್ಕೆ ಕಾಲ ಗೊತ್ತಿರುವ ನಮೂನೆಗಳು ಬೇಕು, ಅವು ದೊರೆಯುವುದು ಮನೆಗಳಲ್ಲಿ. ಆದಕಾರಣ ಪೆಟ್ಟಿಗೆ ಬರಿದಾಗುವ ಮೊದಲೇ ವಸ್ತು ಯಾವ ಊರಿನಿಂದ ಬಂತು, ಯಾರು ಬಳಸಿದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವ ಕೆಲಸ ನಡೆಯಬೇಕು. ಚಾಕುವನ್ನು ಇಟ್ಟಿಗೆಪುಡಿಯಿಂದಲೋ ಉಜ್ಜುಕಾಗದದಿಂದಲೋ ತಿಕ್ಕಿ ಹೊಳಪಿಸಬಾರದು. ಅಲಗಿನ ಬುಡದ ಬರಹ ಕೂದಲೆಳೆಯಷ್ಟೇ ಆಳದ್ದು, ಒಂದು ತಿಕ್ಕಿಗೆ ಹೋಗುತ್ತದೆ. ಒಂದು ಹನಿ ಎಣ್ಣೆ, ಮೆತ್ತನೆಯ ಬಟ್ಟೆ, ಓರೆಯಾಗಿ ಬೀಳುವ ಬೆಳಕು ಇಷ್ಟಿದ್ದರೆ ಓದಲು ಸಾಕು. ಪಟ್ಟಿಯಲ್ಲಿ ಬರೆಯುವಾಗ ‘ಪೇಶವೆ ಕಾಲ’ ಎನ್ನುವ ಬದಲು ‘ಅಲಗು: 1837ರ ಅನಂತರ, ಹಿಡಿ: ಈಚಿನದು, ಮನೆಯವರ ಹೇಳಿಕೆ: ಮುತ್ತಜ್ಜನದು’ ಎಂದು ಮೂರನ್ನೂ ಪ್ರತ್ಯೇಕವಾಗಿ ನಮೂದಿಸುವುದು ಯೋಗ್ಯ.