ಕೋಳಿಮರಿಯ ಮೊದಲ ಪಾಠ

ಹೇಂಟೆಯೊಂದು ತನ್ನ ಮರಿಗಳನ್ನು ಕರೆದುಕೊಂಡು ಹಿತ್ತಲಿನಲ್ಲಿ ಕೆದಕುತ್ತ ಸಾಗುವುದನ್ನು ನೋಡದವರು ನಮ್ಮಲ್ಲಿ ವಿರಳ. ತಾಯಿ ಎತ್ತ ತಿರುಗಿದರೆ ಮರಿಗಳೂ ಅತ್ತ ತಿರುಗುತ್ತವೆ. ತಾಯಿ ನಿಂತರೆ ಅವೂ ನಿಲ್ಲುತ್ತವೆ. ಹದ್ದಿನ ನೆರಳನ್ನು ಕಂಡು ಹೇಂಟೆ ಒಮ್ಮೆ ಕೂಗಿತೆಂದರೆ ಸಾಕು, ಅವೆಲ್ಲವೂ ಓಡಿಬಂದು ಅದರ ರೆಕ್ಕೆಯಡಿ ಅಡಗುತ್ತವೆ. ಈ ನೋಟ ನಮಗೆ ತೀರ ಪರಿಚಿತವಾದುದರಿಂದ, ಇದರಲ್ಲಿ ಕೇಳಬೇಕಾದ ಒಂದು ಪ್ರಶ್ನೆಯಿದೆಯೆಂಬುದೇ ನಮಗೆ ಹೊಳೆಯುವುದಿಲ್ಲ. ನಿನ್ನೆ ತಾನೆ ಮೊಟ್ಟೆಯೊಡೆದು ಹೊರಬಂದ ಮರಿಗೆ, ‘ಇದೇ ನಿನ್ನ ತಾಯಿ’ ಎಂದು ತಿಳಿಸಿಕೊಟ್ಟವರಾರು?

ಅದು ಹುಟ್ಟಿನಿಂದಲೇ ಬಂದ ಅರಿವು ಎಂದು ಉತ್ತರ ಹೇಳುವುದು ಸುಲಭ. ಆದರೆ ಕಾವಿಗೆ ಕುಳಿತ ಹೇಂಟೆಯ ಕೆಳಗೆ ಬಾತುಕೋಳಿಯ ಮೊಟ್ಟೆಗಳನ್ನಿಟ್ಟು ಮರಿಮಾಡಿಸಿದವರು ಆ ಉತ್ತರವನ್ನು ಒಪ್ಪಲಾರರು. ಹೊರಬಂದ ಬಾತುಮರಿಗಳು ಆ ಹೇಂಟೆಯನ್ನೇ ತಾಯಿಯೆಂದು ಹಿಂಬಾಲಿಸುತ್ತವೆ. ತಾಯಿಯ ರೂಪವು ಮರಿಗೆ ಪೂರ್ತಿಯಾಗಿ ಹುಟ್ಟಿನಿಂದಲೇ ತಿಳಿದಿದ್ದರೆ ಹೀಗಾಗುತ್ತಿರಲಿಲ್ಲ. ಹಿಂಬಾಲಿಸುವ ಪ್ರವೃತ್ತಿ ಸಹಜ. ಯಾರನ್ನು ಹಿಂಬಾಲಿಸಬೇಕೆಂಬುದನ್ನು ಮಾತ್ರ ಮರಿ ಕಲಿಯಬೇಕು. ಇದು ಅದರ ಬಾಳಿನ ಮೊದಲ ಪಾಠ.

ಮುಸುಕು ಹಾಕಿದ ಮರಿಗಳು

ಈ ಪಾಠವನ್ನು ಪ್ರಯೋಗದಿಂದ ಪರೀಕ್ಷಿಸಿದವರಲ್ಲಿ ಮೊದಲಿಗನು ಇಂಗ್ಲೆಂಡಿನ ಡಗ್ಲಸ್ ಸ್ಪಾಲ್ಡಿಂಗ್. 1873ರಲ್ಲಿ ಅವನು ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಮೊಟ್ಟೆಯಿಂದ ಹೊರಬರುತ್ತಿದ್ದ ಕೋಳಿಮರಿಗಳು ಕಣ್ಣು ತೆರೆಯುವ ಮೊದಲೇ ಅವುಗಳ ತಲೆಗೆ ಪುಟ್ಟ ಮುಸುಕು ತೊಡಿಸಿದನು. ಒಂದೆರಡು ದಿನಗಳ ಮೇಲೆ ಮುಸುಕು ತೆಗೆದಾಗ, ಮರಿಗಳು ತಮ್ಮೆದುರಿಗೆ ಚಲಿಸುವ ಯಾವುದೇ ಪ್ರಾಣಿಯ ಹಿಂದೆ, ಅದು ಮನುಷ್ಯನಾದರೂ ಸರಿಯೆ, ಹೊರಟುಬಿಟ್ಟವು. ಆದರೆ ಮೂರು ಮರಿಗಳನ್ನು ಅವನು ಸುಮಾರು ನಾಲ್ಕು ದಿನಗಳವರೆಗೆ ಮುಸುಕಿನಲ್ಲಿಯೇ ಇಟ್ಟಿದ್ದನು. ಅವುಗಳ ಮುಸುಕು ತೆಗೆದೊಡನೆ ಅವು ಅವನನ್ನು ಕಂಡು ಬೆದರಿ ದೂರ ಓಡಿದವು!

ಆ ಮರಿಗಳು ಅದುವರೆಗೆ ಏನನ್ನೂ ನೋಡಿರಲಿಲ್ಲ. ಆದ್ದರಿಂದ ಈ ಭಯವನ್ನು ಅನುಭವ ಕಲಿಸಿರಲಾರದು; ಮರಿಯ ದೇಹದೊಳಗೇ ಏನೋ ಮಾರ್ಪಾಟು ನಡೆದಿರಬೇಕು ಎಂದು ಸ್ಪಾಲ್ಡಿಂಗ್ ತರ್ಕಿಸಿದನು. ಆ ಮಾರ್ಪಾಟು ಯಾವುದೆಂದು ಹೇಳಲು ಅಂದಿನ ವಿಜ್ಞಾನಕ್ಕೆ ಸಾಧನವಿರಲಿಲ್ಲ. ‘ಹಾರ್ಮೋನು’ ಎಂಬ ಶಬ್ದವೇ ಬಳಕೆಗೆ ಬಂದದ್ದು 1905ರಲ್ಲಿ.

ಅಚ್ಚೊತ್ತುವಿಕೆ

1935ರಲ್ಲಿ ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್ ಈ ವಿಷಯವನ್ನು ವಿಸ್ತಾರವಾಗಿ ವಿವೇಚಿಸಿದನು. ಅವನ ಸಾಕಣೆಯಲ್ಲಿ ಮೊಟ್ಟೆಯೊಡೆದು ಮೊದಲು ಅವನನ್ನೇ ಕಂಡ ಹೆಬ್ಬಾತಿನ ಮರಿಗಳು ಸಾಲುಗಟ್ಟಿ ಅವನನ್ನು ಹಿಂಬಾಲಿಸಿದವು. ನಾಣ್ಯದ ಮೇಲೆ ಮುದ್ರೆ ಬೀಳುವಂತೆ ಮರಿಯ ಮನಸ್ಸಿನ ಮೇಲೆ ತಾಯಿಯ ರೂಪ ಬೀಳುತ್ತದೆಂಬ ಅರ್ಥದಲ್ಲಿ ಅವನು ಬಳಸಿದ ಜರ್ಮನ್ ಶಬ್ದವನ್ನು ನಾವು ‘ಅಚ್ಚೊತ್ತುವಿಕೆ’ ಎನ್ನಬಹುದು. ಪ್ರಾಣಿಗಳ ನಡವಳಿಕೆಯನ್ನು ಕುರಿತ ಸಂಶೋಧನೆಗಾಗಿ ಅವನಿಗೆ 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

ಅಚ್ಚು ಒತ್ತಬೇಕಾದರೆ ಲೋಹ ಹದವಾಗಿರಬೇಕು. ಮರಿಯ ಹದ ಯಾವಾಗ? ಅಮೆರಿಕದ ಎಕಾರ್ಡ್ ಹೆಸ್ 1950ರ ದಶಕದಲ್ಲಿ ಇದನ್ನು ಅಳೆದನು. ವೃತ್ತಾಕಾರದ ಓಣಿಯಲ್ಲಿ ಬಾತಿನ ಬೊಂಬೆಯೊಂದನ್ನು ಸುತ್ತಿಸಿ, ಬೇರೆ ಬೇರೆ ವಯಸ್ಸಿನ ಬಾತುಮರಿಗಳನ್ನು ಅದರ ಹಿಂದೆ ಬಿಟ್ಟನು. ಹುಟ್ಟಿದ 13ರಿಂದ 16 ಗಂಟೆಗಳ ವಯಸ್ಸಿನಲ್ಲಿ ಬೊಂಬೆಯನ್ನು ಕಂಡ ಮರಿಗಳಲ್ಲಿ ಅಚ್ಚು ಅತ್ಯಂತ ಗಾಢವಾಗಿತ್ತು. ಒಂದೆರಡು ದಿನ ಕಳೆದವುಗಳಲ್ಲಿ ತೀರ ಕ್ಷೀಣವಾಗಿತ್ತು. ಕಲಿಕೆಗೆ ತಕ್ಕ ಈ ಕಿರು ಅವಧಿಗೆ ‘ಗ್ರಹಣಕಾಲ’ ಎಂದು ಹೆಸರಿಡೋಣ.

ಅಚ್ಚು ತಪ್ಪಿದರೆ

ಇದು ಕೇವಲ ವಿನೋದದ ವಿಷಯವಲ್ಲ. ಉತ್ತರ ಅಮೆರಿಕದ ‘ವೂಪಿಂಗ್’ ಕೊಕ್ಕರೆಗಳ ಸಂಖ್ಯೆ 1941ರ ಸುಮಾರಿಗೆ ಇಪ್ಪತ್ತೆರಡರ ಆಸುಪಾಸಿಗೆ ಇಳಿದಿತ್ತು. ಆ ಜಾತಿಯ ಟೆಕ್ಸ್ ಎಂಬ ಹೆಣ್ಣುಹಕ್ಕಿ 1967ರಲ್ಲಿ ಮೃಗಾಲಯವೊಂದರಲ್ಲಿ ಹುಟ್ಟಿ ಮನುಷ್ಯರ ಕೈಯಲ್ಲಿ ಬೆಳೆಯಿತು. ಬೆಳೆದ ಮೇಲೆ ಅದು ತನ್ನ ಜಾತಿಯ ಗಂಡುಹಕ್ಕಿಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ. ಮನುಷ್ಯನೇ ಅದಕ್ಕೆ ಸಂಗಾತಿಯಾದನು. ಜಾರ್ಜ್ ಆರ್ಚಿಬಾಲ್ಡ್ ಎಂಬ ಪಕ್ಷಿವಿಜ್ಞಾನಿ ಆ ಹಕ್ಕಿಯ ಮುಂದೆ ತಾವೇ ಕೊಕ್ಕರೆಯಂತೆ ನರ್ತಿಸಿ, ಅದು ಮೊಟ್ಟೆಯಿಡುವ ಸ್ಥಿತಿಗೆ ಬರುವಂತೆ ಮಾಡಿದರು. ಕೃತಕ ಗರ್ಭಧಾರಣೆಯಿಂದ 1982ರಲ್ಲಿ ಅದಕ್ಕೆ ಒಂದು ಮರಿಯಾಯಿತು. ತಾಯಿಯನ್ನು ಗುರುತಿಸುವ ಕಲಿಕೆ ಮತ್ತು ಸಂಗಾತಿಯ ಜಾತಿಯನ್ನು ಗುರುತಿಸುವ ಕಲಿಕೆ ಎರಡೂ ಒಂದೇ ಅಲ್ಲ, ಅವುಗಳ ಕಾಲವೂ ಬೇರೆ; ಆದರೂ ಎಳವೆಯ ಅಚ್ಚು ತಪ್ಪಿದರೆ ಒಂದು ಜಾತಿಯ ಉಳಿವಿಗೇ ಅದು ಅಡ್ಡಿಯಾಗಬಲ್ಲುದೆಂಬುದನ್ನು ಟೆಕ್ಸ್ ತೋರಿಸಿಕೊಟ್ಟಿತು. ಮುಂದೆ ಅಲ್ಲಿ ಕೊಕ್ಕರೆಯ ಮರಿಗಳನ್ನು ಸಾಕುವವರು ಬಿಳಿಯ ನಿಲುವಂಗಿ ತೊಟ್ಟು ಮುಖ ಮರೆಸಿಕೊಂಡು, ಕೊಕ್ಕರೆಯ ತಲೆಯಂತಿರುವ ಕೈಬೊಂಬೆಯಿಂದ ಆಹಾರ ಕೊಡುವ ಪದ್ಧತಿ ಬಂದಿತು.

ಹದಗೊಳಿಸುವ ವಸ್ತು

ಹಾಗಾದರೆ ಗ್ರಹಣಕಾಲವನ್ನು ಆರಂಭಿಸುವುದು ಯಾವುದು? ಕೇಂಬ್ರಿಜ್ಜಿನಲ್ಲಿ ಗೇಬ್ರಿಯಲ್ ಹಾರ್ನ್ ಮತ್ತು ಸಹೋದ್ಯೋಗಿಗಳು ಅಚ್ಚೊತ್ತುವಿಕೆಗೆ ಆವಶ್ಯಕವಾದ ಭಾಗವೊಂದನ್ನು ಕೋಳಿಮರಿಯ ಮುಮ್ಮಿದುಳಿನಲ್ಲಿ ಮೊದಲೇ ಗುರುತಿಸಿದ್ದರು. ಆ ಭಾಗ ಹದಗೊಳ್ಳುವುದು ಹೇಗೆಂಬುದಕ್ಕೆ ಜಪಾನಿನ ವಿಜ್ಞಾನಿಗಳ ತಂಡವೊಂದು 2012ರಲ್ಲಿ ಸ್ಪಷ್ಟವಾದ ಉತ್ತರ ಕೊಟ್ಟಿತು. ಅದು ಥೈರಾಯಿಡ್ ಗ್ರಂಥಿಯ ಹಾರ್ಮೋನು.

ಕುತ್ತಿಗೆಯ ಬುಡದಲ್ಲಿರುವ ಈ ಗ್ರಂಥಿ ಮುಖ್ಯವಾಗಿ ಥೈರಾಕ್ಸಿನ್ ಎಂಬ ವಸ್ತುವನ್ನು ರಕ್ತಕ್ಕೆ ಸೇರಿಸುತ್ತದೆ. ಅದರ ಪ್ರತಿ ಅಣುವಿನಲ್ಲಿ ಅಯೊಡೀನಿನ ನಾಲ್ಕು ಪರಮಾಣುಗಳಿವೆ. ಒಂದನ್ನು ಕಳಚಿದರೆ ಮೂರು ಪರಮಾಣುಗಳುಳ್ಳ, ಬಲು ಪ್ರಬಲವಾದ ರೂಪ ದೊರೆಯುತ್ತದೆ; ಅದಕ್ಕೆ ‘ಟಿ-3’ ಎಂದು ಸಂಕ್ಷಿಪ್ತ ಹೆಸರು. ಕೋಳಿಮರಿಯು 21 ದಿನಗಳ ಕಾವು ಮುಗಿಸಿ ಹೊರಬರುವ ಹೊತ್ತಿಗೆ ಅದರ ರಕ್ತದಲ್ಲಿ ಥೈರಾಯಿಡ್ ಹಾರ್ಮೋನುಗಳ ಪ್ರಮಾಣ ಏರಿರುತ್ತದೆ. ಶ್ವಾಸಕೋಶದಿಂದ ಉಸಿರಾಡಲೂ, ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲೂ ಮರಿಯನ್ನು ಅಣಿಗೊಳಿಸುವುದು ಈ ಏರಿಕೆಯೇ.

ಜಪಾನಿನ ಪ್ರಯೋಗದಲ್ಲಿ ಕಂಡ ಸಂಗತಿ ಹೀಗಿದೆ: ಮರಿಗೆ ಅಚ್ಚೊತ್ತುವ ವಸ್ತುವನ್ನು ತೋರಿಸತೊಡಗಿದೊಡನೆ, ಮಿದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯ ಜೀವಕೋಶಗಳಲ್ಲಿರುವ ಕಿಣ್ವವೊಂದು ರಕ್ತದ ಥೈರಾಕ್ಸಿನ್ನನ್ನು ಟಿ-3 ಆಗಿ ಮಾರ್ಪಡಿಸುತ್ತದೆ. ಹೀಗೆ ಟಿ-3 ಮಿದುಳಿನೊಳಕ್ಕೆ ತ್ವರಿತವಾಗಿ ಹರಿಯುತ್ತದೆ, ಗ್ರಹಣಕಾಲ ಆರಂಭವಾಗುತ್ತದೆ. ಸಾಮಾನ್ಯವಾಗಿ ಥೈರಾಯಿಡ್ ಹಾರ್ಮೋನು ಜೀನುಗಳನ್ನು ಪ್ರಚೋದಿಸಿ ನಿಧಾನವಾಗಿ ಕೆಲಸಮಾಡುವಂಥದು. ಇಲ್ಲಿ ಅದು ಆ ಬಳಸುದಾರಿಯನ್ನು ಬಿಟ್ಟು ಶೀಘ್ರವಾಗಿ ವರ್ತಿಸುತ್ತದೆ.

ಎಲ್ಲಕ್ಕಿಂತ ಸೋಜಿಗದ ಸಂಗತಿ ಇನ್ನೊಂದು. ಏನನ್ನೂ ತೋರಿಸದೆ ಬೆಳೆಸಿದುದರಿಂದ ಗ್ರಹಣಕಾಲ ಮುಗಿದುಹೋಗಿದ್ದ ಮರಿಗಳಿಗೆ ಹೊರಗಿನಿಂದ ಟಿ-3 ಕೊಟ್ಟಾಗ, ಅವು ಮತ್ತೆ ಅಚ್ಚೊತ್ತಿಸಿಕೊಳ್ಳಬಲ್ಲವಾದವು! ಸ್ಪಾಲ್ಡಿಂಗನ ಮೂರು ಮರಿಗಳನ್ನು ಇಲ್ಲಿ ನೆನೆಯಬೇಕು. ದೇಹದೊಳಗೆ ನಡೆದಿರಬೇಕೆಂದು ಅವನು ಊಹಿಸಿದ ಮಾರ್ಪಾಟಿನ ಒಂದು ಮುಖ್ಯ ಅಂಶ 139 ವರ್ಷಗಳ ತರುವಾಯ ಕೈಗೆ ಸಿಕ್ಕಿತು. ಅಲ್ಲದೆ, ಸಕಾಲದಲ್ಲಿ ಅಚ್ಚೊತ್ತಿಸಿಕೊಂಡ ಮರಿಗಳಲ್ಲಿ ಟಿ-3 ಗ್ರಹಣಕಾಲವನ್ನು ಒಂದು ವಾರಕ್ಕೂ ಮೇಲೆ ವಿಸ್ತರಿಸಿತು. ಮುಂದಿನ ಇತರ ಕಲಿಕೆಗಳಿಗೂ ಮಿದುಳನ್ನು ಸಿದ್ಧಗೊಳಿಸಿತು. ಮೊದಲ ಪಾಠವೇ ಮುಂದಿನ ಪಾಠಗಳಿಗೆ ದಾರಿಮಾಡಿಕೊಟ್ಟಿತೆಂದಾಯಿತು.

ಇತರ ಹಾರ್ಮೋನುಗಳು

ಈ ಕಾರ್ಯದಲ್ಲಿ ಟಿ-3 ಒಂಟಿಯಲ್ಲ. ಟೆಸ್ಟೊಸ್ಟಿರೋನ್ ಎಂಬ ಹಾರ್ಮೋನನ್ನು ಕೊಟ್ಟ ಕೋಳಿಮರಿಗಳು, ತುಂಬಿಸಿಟ್ಟ ಕೋಳಿಯ ರೂಪವನ್ನು ತೋರಿಸಿದಾಗ ಅದಕ್ಕೆ ಹೆಚ್ಚು ಅಂಟಿಕೊಂಡವು; ಕೆಂಪು ಪೆಟ್ಟಿಗೆಯನ್ನು ತೋರಿಸಿದಾಗ ಅಂಥ ಹೆಚ್ಚಳ ಕಾಣಲಿಲ್ಲ. 1986ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ, ಹಾರ್ಮೋನಿನ ಪ್ರಭಾವ ಕಲಿಯುವ ವಸ್ತುವನ್ನೂ ಅವಲಂಬಿಸಿದೆಯೆಂದು ತಿಳಿಯುತ್ತದೆ.

ಇನ್ನು ಅಡ್ರಿನಲ್ ಗ್ರಂಥಿಯ ಕಾರ್ಟಿಕೊಸ್ಟಿರೋನ್. ಒಂದು ದಿನದ ಮರಿ ಹೊಳೆಯುವ ಮಣಿಯನ್ನು ಕಂಡರೆ ಕುಕ್ಕುತ್ತದೆ. ಮಣಿಗೆ ಕಹಿ ದ್ರವ ಸವರಿದ್ದರೆ ಒಮ್ಮೆ ಕುಕ್ಕಿ, ಮತ್ತೆ ಅದನ್ನು ಮುಟ್ಟದು. ದ್ರವ ಸಪ್ಪೆಯಾಗಿದ್ದರೆ ಮರುದಿನದ ಹೊತ್ತಿಗೆ ಮರೆತುಬಿಡುತ್ತದೆ. ಅಂಥ ಮರಿಗೆ ಮಿತವಾದ ಪ್ರಮಾಣದಲ್ಲಿ ಕಾರ್ಟಿಕೊಸ್ಟಿರೋನ್ ಕೊಟ್ಟಾಗ ಮರುದಿನವೂ ನೆನಪು ಉಳಿಯಿತು; ಪ್ರಮಾಣ ಮಿತಿಮೀರಿದಾಗ ಆ ಲಾಭ ದೊರೆಯಲಿಲ್ಲ. ತುಸು ಕಳವಳ ನೆನಪಿಗೆ ಸಹಾಯಕ, ಅತಿಯಾದುದು ನಿರುಪಯುಕ್ತ ಎಂಬುದು ಪರೀಕ್ಷೆಯ ಕೊಠಡಿಯಲ್ಲಿ ಕುಳಿತ ವಿದ್ಯಾರ್ಥಿಗಳಿಗೂ ಹೊಸ ಮಾತಲ್ಲ.

ಮನುಷ್ಯನಿಗೆ ಇದರಿಂದ ಏನು?

ಮನುಷ್ಯಶಿಶು ಕೋಳಿಮರಿಯಲ್ಲ. ಹಾರ್ಮೋನು ಕೊಟ್ಟು ಪಾಠ ಕಲಿಸಬಹುದೆಂದು ಈ ಪ್ರಯೋಗಗಳಿಂದ ತೀರ್ಮಾನಿಸುವುದು ದೊಡ್ಡ ತಪ್ಪು. ಆದರೆ ಮಿದುಳಿಗೆ ಥೈರಾಯಿಡ್ ಹಾರ್ಮೋನು ಸಕಾಲದಲ್ಲಿ ದೊರೆಯಬೇಕೆಂಬ ಮಾತು ನಮ್ಮ ಮಕ್ಕಳಿಗೂ ಸಲ್ಲುತ್ತದೆ, ಕಾರ್ಯಕ್ರಮ ಬೇರೆಯಾದರೂ. ಶಿಶುವಿನ ಮಿದುಳು ಬೆಳೆಯುವುದಕ್ಕೇ ಈ ಹಾರ್ಮೋನು ಬೇಕು. ಹುಟ್ಟಿನಿಂದಲೇ ಅದರ ಕೊರತೆಯುಳ್ಳ ಮಗುವಿಗೆ ಮೊದಲ ಕೆಲವು ವಾರಗಳಲ್ಲಿಯೇ ಥೈರಾಕ್ಸಿನ್ ಕೊಡತೊಡಗಿದರೆ ಅದು ಸಾಮಾನ್ಯವಾಗಿ ಇತರ ಮಕ್ಕಳಂತೆಯೇ ಬುದ್ಧಿವಂತವಾಗಿ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಆದ ಹಾನಿಯನ್ನು ಪೂರ್ತಿ ಸರಿಪಡಿಸಲಾಗದು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತ ತೆಗೆದು ಪರೀಕ್ಷಿಸುವ ಕ್ರಮ 1970ರ ದಶಕದಿಂದ ಹಲವು ದೇಶಗಳಲ್ಲಿ ಬಂದುದು ಈ ಕಾರಣದಿಂದಲೇ. ನಮ್ಮ ಅಡಿಗೆಯ ಉಪ್ಪಿಗೆ ಅಯೊಡೀನ್ ಬೆರೆಸುವುದೂ, ಆ ಹಾರ್ಮೋನನ್ನು ತಯಾರಿಸಲು ದೇಹಕ್ಕೆ ಅದು ಬೇಕಾಗಿರುವುದರಿಂದ.

ಕಲಿಕೆ ಹುಟ್ಟುಗುಣದಿಂದಲೋ ಅನುಭವದಿಂದಲೋ ಎಂಬುದು ಹಳೆಯ ವಿವಾದ. ಕೋಳಿಮರಿಯು ಆ ಪ್ರಶ್ನೆಯನ್ನೇ ತಿದ್ದಿಕೊಳ್ಳುವಂತೆ ಮಾಡುತ್ತದೆ. ಹಾರ್ಮೋನು ಇಲ್ಲದೆ ಕಣ್ಣಿಗೆ ಬಿದ್ದ ತಾಯಿ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ತಾಯಿ ಕಣ್ಣಿಗೆ ಬೀಳದೆ ಆ ಹಾರ್ಮೋನು ಮಿದುಳಿಗೆ ಬೇಕಾದಷ್ಟು ಹರಿಯುವುದಿಲ್ಲ. ದೇಹವು ಅನುಭವಕ್ಕಾಗಿ ಕಾದಿರುತ್ತದೆ. ಅನುಭವವು ಬಂದು ದೇಹವನ್ನು ಎಚ್ಚರಿಸುತ್ತದೆ. ಹಿತ್ತಲಿನಲ್ಲಿ ಹೇಂಟೆಯ ಹಿಂದೆ ಓಡುವ ಮರಿಯನ್ನು ಮುಂದೆ ಎಂದಾದರೂ ಕಂಡಾಗ, ಅದರ ಪುಟ್ಟ ತಲೆಯೊಳಗೆ ಅವೆರಡೂ ಕೂಡಿಯೇ ನಡೆಯುತ್ತಿವೆಯೆಂಬುದನ್ನು ವಾಚಕರು ನೆನೆಯಬಹುದು.