ಶಿರವಾಳ ಸೀಮೆಯಲ್ಲಿ ಚಳಿಗಾಲಕ್ಕೆ ಜೇನುಪೆಟ್ಟಿಗೆಯನ್ನು ಅಣಿಗೊಳಿಸುವ ಕ್ರಮ

ಪುರಾತನ ದೇವಾಲಯಗಳಿಂದ ಹೆಸರಾದ ಶಿರವಾಳ ಗ್ರಾಮವು ಶಹಾಪುರ ತಾಲೂಕಿನಲ್ಲಿ, ಕೃಷ್ಣಾ ಭೀಮಾ ನದಿಗಳ ನಡುವಣ ಎರೆನೆಲದ ಸೀಮೆಗೆ ಸೇರಿರುವುದು. ತೊಗರಿ, ಹತ್ತಿ, ಬಿಳಿಜೋಳ, ಸೂರ್ಯಕಾಂತಿ, ಕುಸುಬೆಗಳು ಈ ಸೀಮೆಯ ಪೈರುಗಳು. ಇಂತಹ ಕಡೆಯಲ್ಲಿ ಹೊಸದಾಗಿ ಜೇನು ಸಾಕುವವರು ಮೊದಲನೆಯ ವರ್ಷವೇ ಕುಟುಂಬವನ್ನು ಕಳೆದುಕೊಂಡು, ಈ ಕಸುಬು ನಮ್ಮ ನಾಡಿಗೆ ಒಗ್ಗದೆಂದು ಪೆಟ್ಟಿಗೆಯನ್ನು ಮೂಲೆಗಿಡುವುದುಂಟು. ದೋಷವು ನಾಡಿನದಲ್ಲ; ಕಾಲಕ್ಕೆ ತಕ್ಕ ಆರೈಕೆ ನಡೆಯದಿರುವುದೇ ಅನೇಕ ವೇಳೆ ಇದಕ್ಕೆ ಕಾರಣವು.

ಶೀತದೇಶಗಳ ಗ್ರಂಥಗಳಲ್ಲಿ ಚಳಿಗಾಲಕ್ಕೆ ಪೆಟ್ಟಿಗೆಯನ್ನು ಹೊದಿಸಿ ಬೆಚ್ಚಗಿಡಬೇಕೆಂದು ಬರೆದಿರುವುದು. ಅಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಹುಳುಗಳು ಹೊರಗೆ ಬಾರದೆ, ಒಂದೇ ಮುದ್ದೆಯಾಗಿ ಕೂಡಿ, ಕೂಡಿಟ್ಟ ಜೇನನ್ನುಂಡು ಬದುಕುವುವು. ನಮ್ಮ ಸೀಮೆಯಲ್ಲಾದರೋ ಪುಷ್ಯ ಮಾಸದ ರಾತ್ರಿಗಳು ತಣ್ಣಗಿದ್ದರೂ ಹಗಲು ಬಿಸಿಲಿದ್ದು, ಹುಳುಗಳು ಹೊಲಗಳಿಗೆ ಹೋಗಿ ದುಡಿಯುವುವು. ಇಲ್ಲಿ ಪೆಟ್ಟಿಗೆಯನ್ನು ಗೋಣಿಯಿಂದ ಬಿಗಿದು ಗಾಳಿಯನ್ನು ತಡೆದರೆ ಒಳಗೆ ತೇವ ನಿಂತು ಎರಿಗಳಿಗೆ ಬೂಷ್ಟು ಹಿಡಿಯುವುದು. ಮರಿಗಳಿರುವ ಎರಿಯ ಶಾಖವನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿರಿಸುವ ಕೆಲಸವನ್ನು, ಹುಳುಗಳ ಸಂಖ್ಯೆಯೂ ಆಹಾರವೂ ಸಾಕಷ್ಟಿದ್ದರೆ, ಅವುಗಳೇ ಮಾಡಿಕೊಳ್ಳುವುವು. ಆದುದರಿಂದ ಇಲ್ಲಿ ಚಳಿಗಾಲದ ಸಿದ್ಧತೆ ಎಂದರೆ ಹೊದಿಕೆಯಲ್ಲ. ಕುಟುಂಬದ ಬಲವನ್ನು ಹೆಚ್ಚಿಸುವುದು ಮತ್ತು ಮುಂಬರುವ ಬೇಸಗೆಗೆ ಬುತ್ತಿಯನ್ನು ಉಳಿಸುವುದು.

ಮೊದಲನೆಯದು, ಪರೀಕ್ಷೆ. ಮಳೆ ಹಿಂಜರಿದ ಮೇಲೆ, ತೊಗರಿ ಹೂವಿಗೆ ಬರುವ ಮುನ್ನ, ಗಾಳಿಯಿಲ್ಲದ ದಿನ ಬಿಸಿಲೇರಿದ ಮೇಲೆ ಪೆಟ್ಟಿಗೆಯನ್ನು ತೆರೆದು ನೋಡತಕ್ಕದ್ದು. ರಾಣಿಹುಳುವನ್ನು ಕಣ್ಣಾರೆ ಕಾಣಲೇಬೇಕೆಂದು ಹೊಸಬರು ಎರಿಗಳನ್ನು ಬಹಳ ಹೊತ್ತು ಹೊರಗೆ ಹಿಡಿಯಬಾರದು. ಮೊಟ್ಟೆಯು ಮೂರು ದಿನಗಳಲ್ಲಿ ಮರಿಯಾಗುವುದರಿಂದ, ಕೋಶಗಳ ತಳದಲ್ಲಿ ಮೊಟ್ಟೆಗಳು ಕಂಡರೆ ಮೂರು ದಿನಗಳ ಹಿಂದಿನ ವರೆಗಾದರೂ ರಾಣಿಯು ಇದ್ದಳೆಂದು ತಿಳಿಯಬಹುದು. ಚೀಲದಂತೆ ಊದಿ ಸತ್ತ ಮರಿಗಳು ಕಂಡರೆ ಆ ಪೆಟ್ಟಿಗೆಯ ಎರಿಗಳನ್ನು ಬೇರೆ ಪೆಟ್ಟಿಗೆಗೆ ಹಾಕಕೂಡದು. 1991–92ರಲ್ಲಿ ಕರ್ನಾಟಕದ ತುಡುವೆ ಜೇನು ಕುಟುಂಬಗಳನ್ನು ಬಹುಪಾಲು ನಾಶಮಾಡಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗದ ಲಕ್ಷಣವೂ ಇಂತಹುದೇ ಆಗಿದ್ದಿತು.

ಎರಡನೆಯದು, ಬಲ. ತುಡುವೆ ಜೇನಿಗೆ ಬಳಸುವ ನ್ಯೂಟನ್ ಪೆಟ್ಟಿಗೆಯ ಮರಿಕೋಣೆಯಲ್ಲಿ ಏಳು ಚೌಕಟ್ಟುಗಳಿರುವುವು. ಹುಳುಗಳು ಮೂರು ಚೌಕಟ್ಟುಗಳನ್ನೂ ಮುಸುಕದಿದ್ದರೆ ಆ ಕುಟುಂಬವು ದುರ್ಬಲವೆಂದೆಣಿಸತಕ್ಕದ್ದು. ರೋಗವಿಲ್ಲದ ಎರಡು ದುರ್ಬಲ ಕುಟುಂಬಗಳನ್ನು ಒಂದುಗೂಡಿಸುವುದು ಲೇಸು. ಕೆಳದರ್ಜೆಯ ರಾಣಿಯನ್ನು ತೆಗೆದು, ಸಾಯಂಕಾಲ ಒಂದು ಕೋಣೆಯ ಮೇಲೆ ಸಣ್ಣ ರಂಧ್ರಗಳುಳ್ಳ ವೃತ್ತಪತ್ರಿಕೆಯ ಹಾಳೆಯನ್ನು ಹಾಸಿ, ಅದರ ಮೇಲೆ ಇನ್ನೊಂದು ಕೋಣೆಯನ್ನಿಡಬೇಕು. ಹುಳುಗಳು ಕಾಗದವನ್ನು ಕಡಿದು ತೆಗೆಯುವಷ್ಟರಲ್ಲಿ ಪರಸ್ಪರ ವಾಸನೆಗೆ ಹೊಂದಿಕೊಂಡು ಕಾದಾಡದೆ ಕೂಡುವುವು. ಹುಳುಗಳಿಲ್ಲದ ಬರಿಯ ಎರಿಗಳನ್ನು ಒಳಗೆ ಬಿಡಬಾರದು. ಅವು ಮೇಣದ ಹುಳುವಿಗೆ ಮನೆಯಾಗುವುವು. ಅಡಿಮಣೆಯನ್ನು ಆಗಾಗ ಗುಡಿಸಿ, ಇರುವೆ ಹತ್ತದಂತೆ ಪೀಠದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸತಕ್ಕದ್ದು.

ಮೂರನೆಯದು, ಆಹಾರ. ಪೆಟ್ಟಿಗೆಯ ಹಿಂಬದಿಯನ್ನು ಒಂದು ಬೆರಳಿನಷ್ಟು ಎತ್ತಿ ನೋಡುವ ರೂಢಿಯಿಟ್ಟುಕೊಂಡರೆ, ಒಳಗಿನ ಜೇನಿನ ಭಾರವು ಕೈಗೇ ತಿಳಿದುಬರುವುದು. ಹಗುರವಾದುದಕ್ಕೆ ಅರ್ಧ ಕಿಲೋ ಸಕ್ಕರೆಯನ್ನು ಅಷ್ಟೇ ತೂಕದ ಕಾಯಿಸಿದ ನೀರಿನಲ್ಲಿ ಕರಗಿಸಿ, ಆರಿಸಿ, ಸಂಜೆ ಕತ್ತಲಾಗುವಾಗ ಪೆಟ್ಟಿಗೆಯ ಒಳಗೇ ಇಡತಕ್ಕದ್ದು. ಹಗಲಲ್ಲಿಟ್ಟರೂ ಹೊರಗೆ ಚೆಲ್ಲಿದರೂ ಬೇರೆ ಕುಟುಂಬದ ಹುಳುಗಳು ಲೂಟಿಗೆ ಬರುವುವು. ಬೆಲ್ಲದ ಪಾನಕವು ಹುಳುಗಳ ಹೊಟ್ಟೆಯನ್ನು ಕೆಡಿಸುವುದರಿಂದ ಅದನ್ನು ಕೊಡಬಾರದು. ದುರ್ಬಲ ಕುಟುಂಬದ ಬಾಗಿಲನ್ನು ಎರಡು ಹುಳುಗಳು ಹಾಯುವಷ್ಟಕ್ಕೆ ಕಿರಿದುಮಾಡಿದರೆ ಕಾವಲು ಸುಲಭವಾಗುವುದು.

ಇಷ್ಟಾದ ಮೇಲೆ ತೊಗರಿಯೂ ಸೂರ್ಯಕಾಂತಿಯೂ ಮಕರಂದ ಪರಾಗಗಳೆರಡನ್ನೂ ಒದಗಿಸುವುವು. ಜೋಳದ ತೆನೆಯು ಪರಾಗವನ್ನು ಮಾತ್ರ ಕೊಡುವುದು. ಹಿಂಗಾರಿ ಪೈರಿನ ಹೂವು ಮುಗಿಯುವಷ್ಟರಲ್ಲಿ ಎರಿಗಳು ತುಂಬಿರುವುದನ್ನು ಕಂಡು ಹೊಸಬನು ಹಿಗ್ಗುವನು. ಅಪಾಯದ ಗಳಿಗೆ ಅದೇ. ಇದ್ದ ಜೇನನ್ನೆಲ್ಲ ಹಿಂಡಿಕೊಂಡವನ ಪೆಟ್ಟಿಗೆಯಲ್ಲಿ, ರಾಶಿ ಮುಗಿದು ಹೊಲಗಳು ಬರಿದಾದ ಮೇಲೆ ಉಣ್ಣಲು ಏನೂ ಉಳಿಯದು. ಬೇವು ಹೊಂಗೆಗಳ ಹೂವು ಕೆಲವು ವಾರಗಳಿಗೆ ಮಾತ್ರ ಆಸರೆಯಾದೀತು. ಹಸಿವೂ ಬಿಸಿಲೂ ಕೂಡಿದಾಗ ತುಡುವೆ ಜೇನು ಗೂಡನ್ನೇ ಬಿಟ್ಟು ಹಾರಿಹೋಗುವುದು. ಆದುದರಿಂದ ಮೇಲಿನ ಜೇನುಕೋಣೆಯಿಂದ ಮಾತ್ರ ಜೇನು ತೆಗೆದು, ಮರಿಕೋಣೆಯ ಜೇನನ್ನು ಮುಟ್ಟದಿರತಕ್ಕದ್ದು. ಬೇಸಗೆಗೆ ಮುನ್ನವೇ ಪೆಟ್ಟಿಗೆಯನ್ನು ಮರದ ನೆರಳಿಗೆ ಹೊಂದಿಸಿ, ಹತ್ತಿರ ಕಲ್ಲುಹರಳುಗಳನ್ನು ಹಾಕಿದ ನೀರಿನ ತಟ್ಟೆಯನ್ನಿಡಬೇಕು. ದೂರಕ್ಕೆ ಸಾಗಿಸುವುದಿದ್ದರೆ ರಾತ್ರಿಯಲ್ಲಿಯೇ ಸಾಗಿಸತಕ್ಕದ್ದು. ಅಂಗಳದೊಳಗೇ ಸರಿಸುವುದಾದರೆ ದಿನಕ್ಕೆ ಒಂದೆರಡು ಅಡಿಗಿಂತ ಹೆಚ್ಚು ಸರಿಸಿದರೆ ಮೇಯಲು ಹೋದ ಹುಳುಗಳು ದಾರಿ ತಪ್ಪುವುವು.

ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸಬೇಕಾದ ಸಂಗತಿಯೊಂದಿರುವುದು. ಹೊಸಬನು ಎಷ್ಟು ಜಾಗರೂಕನಾಗಿದ್ದರೂ, ಹೂಬಿಟ್ಟ ತೊಗರಿಗೋ ಹತ್ತಿಗೋ ನೆರೆಯವರು ನಡುಹಗಲಲ್ಲಿ ಕೀಟನಾಶಕವನ್ನು ಸಿಂಪಡಿಸಿದರೆ ಒಂದೇ ದಿನದಲ್ಲಿ ಅವನ ಶ್ರಮವೆಲ್ಲ ವ್ಯರ್ಥವಾಗುವುದು. ಹೂವಿರುವಾಗ ಸಿಂಪರಣೆಯನ್ನು ಸಾಧ್ಯವಾದಷ್ಟು ತಪ್ಪಿಸಿ, ಅನಿವಾರ್ಯವಾದರೆ ಹುಳುಗಳು ಗೂಡು ಸೇರಿದ ಸಂಜೆಯ ಮೇಲೆ ಮಾಡುವಂತೆಯೂ, ಹಿಂದಿನ ದಿನವೇ ಜೇನು ಸಾಕುವವರಿಗೆ ತಿಳಿಸುವಂತೆಯೂ ಊರಿನಲ್ಲಿ ಕಟ್ಟಳೆ ಮಾಡುವುದು ಉಚಿತ. ಇದರಿಂದ ಜಮೀನುದಾರರಿಗೂ ಲಾಭವುಂಟು. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ಚೆನ್ನಾಗಿ ಕಟ್ಟಲು ಜೇನುಹುಳುಗಳ ಸಂಚಾರವು ಬಹಳ ಸಹಾಯಕವು; ಅವು ಕಡಿಮೆಯಾದಲ್ಲಿ ಜೊಳ್ಳು ಹೆಚ್ಚುವುದು. ಸಂದೇಹವಿದ್ದವರು ಶಹಾಪುರ ತಾಲೂಕಿನಲ್ಲಿಯೇ ಇರುವ ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಮೊದಲ ವರ್ಷ ಎರಡು ಪೆಟ್ಟಿಗೆಗಳಿಂದ ಆರಂಭಿಸಿ, ಅವು ಒಂದು ಬೇಸಗೆಯನ್ನು ದಾಟಿದ ಮೇಲೆಯೇ ಸಂಖ್ಯೆಯನ್ನು ಹೆಚ್ಚಿಸುವುದು ಕ್ಷೇಮಕರವು.